ಉಪಗ್ರಹ ಚಿತ್ರ ಕೇಳೋಕೆ ಘಟ್ಟದ ಅಂಚಿನವರಿಗೂ ಒಂದು ನೇರ ದಾರಿ ಕೊಡಿ

ಬಾಹ್ಯಾಕಾಶ ಇಲಾಖೆಯ ಮಾನ್ಯ ಕಾರ್ಯದರ್ಶಿಯವರಿಗೆ,
ಹಾಗೂ ಉಪಗ್ರಹ ಚಿತ್ರಗಳಿಗೆ ಆರ್ಡರ್ ತೆಗೆದುಕೊಳ್ಳುವ ಎಲ್ಲ ಸರ್ಕಾರಿ, ಖಾಸಗಿ ಸಂಸ್ಥೆಗಳ ಮುಖ್ಯಸ್ಥರಿಗೆ,

ಮಾನ್ಯರೇ, ನಮಸ್ಕಾರ.

ನಾನು ಹಾಸನದಲ್ಲಿ ಸಣ್ಣದೊಂದು ಮ್ಯಾಪಿಂಗ್ ಕಚೇರಿ ನಡೆಸುತ್ತೇನೆ. ತೋಟದ ಗಡಿ ಗುರುತಿಸುವುದು, ಕೆರೆ ಒತ್ತುವರಿ ಲೆಕ್ಕ ಹಾಕುವುದು, ಪಂಚಾಯ್ತಿಗಳಿಗೆ ರಸ್ತೆ ನಕ್ಷೆ ಮಾಡಿಕೊಡುವುದು ನಮ್ಮ ಕೆಲಸ. ಉಪಗ್ರಹ ಚಿತ್ರ ಸಿಗದಿದ್ದರೆ ನಮ್ಮ ಅಂಗಡಿ ಬಾಗಿಲು ಹಾಕಬೇಕಷ್ಟೆ. ಹಾಗಾಗಿ ಈ ಪತ್ರದಲ್ಲಿ ನನ್ನ ಸ್ವಾರ್ಥವೂ ಇದೆ ಅಂತ ಮೊದಲೇ ಹೇಳಿಬಿಡುತ್ತೇನೆ. ಆದರೆ ಬರೆಯಲೇಬೇಕು ಅನ್ನಿಸಿದ್ದು ಸಕಲೇಶಪುರ ತಾಲ್ಲೂಕಿನ ಒಂದು ಗುಡ್ಡದಿಂದ.

ಘಟ್ಟದ ಅಂಚಿನ ಒಂದು ಊರು. ಮುಂಗಾರು ಜೋರಾಗಿದ್ದಾಗ ಊರಿನ ಮೇಲಿನ ಇಳಿಜಾರು ಬಿರುಕು ಬಿಟ್ಟಿತು. ಬಿರುಕು ಕಾಫಿ ತೋಟದ ಮಧ್ಯೆ ಹಾದು, ಒಂದು ಸಿಲ್ವರ್ ಓಕ್ ಮರದ ಬುಡವನ್ನು ಸೀಳಿ, ಮೇಲಿನ ಹುಲ್ಲುಗಾವಲಿನ ಕಡೆ ಹೋಗಿತ್ತು. ಒಳಗೆ ಕೈ ಹಾಕಿದರೆ ಮೊಣಕೈವರೆಗೂ ಹೋಗುತ್ತಿತ್ತು. ಕೆಳಗಡೆ ಮನೆಗಳಿವೆ. ಈ ಕಡೆಯ ಜನಕ್ಕೆ ಇದು ಹೊಸ ಭಯ ಅಲ್ಲ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆಯಲ್ಲಿ ಗುಡ್ಡ ಜಾರಿ ಮನೆ, ತೋಟ ಹೋದದ್ದನ್ನು ಎಲ್ಲರೂ ನೋಡಿದ್ದಾರೆ. 2024ರ ಜುಲೈನಲ್ಲಿ ಶಿರಾಡಿ ಘಾಟಿಯ ದೊಡ್ಡತಪ್ಪಲು ಹತ್ತಿರ ಹೆದ್ದಾರಿ ಮೇಲೆ ಮಣ್ಣು ಬಿತ್ತು. ಅದೇ ತಿಂಗಳ ಕೊನೆಯಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ರೈಲು ಹಳಿಯ ಕೆಳಗಿನ ಮಣ್ಣೇ ಜಾರಿ, ಬೆಂಗಳೂರು–ಮಂಗಳೂರು ರೈಲುಗಳು ನಿಂತವು.

ಊರಿನ ಬೆಳೆಗಾರರು ನನ್ನ ಹತ್ತಿರ ಬಂದು ಕೇಳಿದ್ದು ಎರಡೇ ಪ್ರಶ್ನೆ. ಬಿರುಕು ಮೇಲೆ ಎಲ್ಲಿವರೆಗೆ ಹೋಗಿದೆ? ಹೋದ ವರ್ಷಕ್ಕಿಂತ ಈಗ ಗುಡ್ಡ ಕೆಳಗೆ ಸರಿದಿದೆಯಾ? ಇದಕ್ಕೆ ಆ ಗುಡ್ಡದ ಹೊಸ ಚಿತ್ರ ಬೇಕು. ಹಳೆಯ ಚಿತ್ರದ ಜೊತೆ ಇಟ್ಟು ನೋಡಬೇಕು. ಅದೂ ಮುಂದಿನ ದೊಡ್ಡ ಮಳೆಗೆ ಮುಂಚೆ.

ಇಲ್ಲಿ ಒಂದು ಮಾತು. ಹಾಸನದಲ್ಲಿ ಯಾರ ಹತ್ತಿರ ಉಪಗ್ರಹ ಚಿತ್ರದ ವಿಷಯ ತೆಗೆದರೂ, "ಎಂಸಿಎಫ್ ಇಲ್ಲೇ ಇದೆಯಲ್ಲ, ಹೋಗಿ ಕೇಳಿ" ಅನ್ನುತ್ತಾರೆ. ಎಂಸಿಎಫ್ ಅಂದರೆ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ. ಸಾಲಗಾಮೆ ರಸ್ತೆಯ ಆ ದೊಡ್ಡ ಡಿಶ್‌ಗಳನ್ನು ನೋಡಿಕೊಂಡೇ ಬೆಳೆದವರು ನಾವು. 1982ರಿಂದ ಆ ಕೇಂದ್ರ ಕಾಯುತ್ತಿರುವುದು ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದಲ್ಲಿರುವ ಇನ್ಸಾಟ್, ಜಿಸ್ಯಾಟ್ ಉಪಗ್ರಹಗಳನ್ನು. ಟಿವಿ, ಫೋನ್, ಹವಾಮಾನ ಅವುಗಳ ಕೆಲಸ. ಇನ್ಸಾಟ್-3ಡಿ ಥರದ ಹವಾಮಾನ ಉಪಗ್ರಹಕ್ಕೆ ಇಡೀ ಮೋಡದ ರಾಶಿ ಕಾಣುತ್ತದೆ. ನಮ್ಮ ಗುಡ್ಡದ ಬಿರುಕು ಕಾಣುವುದಿಲ್ಲ. ಅದಕ್ಕೆ ಐನೂರು ಕಿಲೋಮೀಟರ್ ಎತ್ತರದಲ್ಲಿ ಓಡಾಡುವ ಕಾರ್ಟೊಸ್ಯಾಟ್‌ನಂಥ ಕ್ಯಾಮೆರಾ ಉಪಗ್ರಹ ಬೇಕು. ಅಂಥ ಕ್ಯಾಮೆರಾಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿ, ಆಮೇಲೆ ಇಸ್ರೋ ಅಧ್ಯಕ್ಷರಾದ ಎ.ಎಸ್. ಕಿರಣ್ ಕುಮಾರ್ ಅವರು ನಮ್ಮ ಆಲೂರಿನವರು. ಆಲೂರಿನವರೊಬ್ಬರು ಕ್ಯಾಮೆರಾ ಮಾಡಿದರು, ಆಲೂರಿನ ಒಬ್ಬ ಬೆಳೆಗಾರ ಅಂಥ ಕ್ಯಾಮೆರಾದಿಂದ ಒಂದು ಚಿತ್ರ ಕೇಳೋಕೆ ಆಗ್ತಿಲ್ಲ. ನನ್ನ ದೂರು ಇಷ್ಟೇ.

ಹಳೆಯ ಚಿತ್ರಗಳ ವಿಷಯದಲ್ಲಿ ನನಗೆ ತಕರಾರಿಲ್ಲ. 2023ರ ಬಾಹ್ಯಾಕಾಶ ನೀತಿ ಬಂದ ಮೇಲೆ 5 ಮೀಟರ್ ಮತ್ತು ಅದಕ್ಕಿಂತ ಒರಟಾದ ಚಿತ್ರಗಳು, ಅಂದರೆ ಚಿತ್ರದ ಒಂದು ಚುಕ್ಕಿ ನೆಲದ ಮೇಲೆ 5 ಮೀಟರ್ ಅಥವಾ ಅದಕ್ಕಿಂತ ದೊಡ್ಡದಿರುವಂಥವು, ಎಲ್ಲರಿಗೂ ಉಚಿತ ಅಂತ ಆಗಿದೆ. ಇಸ್ರೋದ ಭೂನಿಧಿ ಪೋರ್ಟಲ್‌ಗೆ ಹೋಗಿ ರಿಸೋರ್ಸ್‌ಸ್ಯಾಟ್‌ನ 5.8 ಮೀಟರ್ ಚಿತ್ರ ಇಳಿಸಿಕೊಳ್ಳಬಹುದು. ಯುರೋಪಿನ ಸೆಂಟಿನೆಲ್ ಚಿತ್ರಗಳೂ ಬಿಟ್ಟಿ. 2025ರ ಜುಲೈ 30ರಂದು ಹಾರಿದ, ನಾಸಾ ಮತ್ತು ಇಸ್ರೋ ಸೇರಿ ಮಾಡಿದ ರಾಡಾರ್ ಉಪಗ್ರಹ ನೈಸಾರ್ ಇನ್ನೂ ಒಳ್ಳೆಯ ಸುದ್ದಿ. 12 ದಿನಕ್ಕೊಮ್ಮೆ ಅದೇ ದಾರಿಯಲ್ಲಿ ಬಂದು, ಮೋಡದ ಒಳಗಿಂದಲೇ ನೆಲ ನೋಡುತ್ತದೆ. ಇವಕ್ಕೆಲ್ಲ ಯಾರೂ ಅರ್ಜಿ ಹಾಕಬೇಕಿಲ್ಲ. ಮೊದಲೇ ಹಾಕಿಟ್ಟ ವೇಳಾಪಟ್ಟಿಯಲ್ಲಿ ತಾನಾಗಿ ನಡೆಯುತ್ತದೆ.

ತೊಂದರೆ ಶುರುವಾಗುವುದು "ಈ ಜಾಗದ್ದು, ಈ ವಾರ, ಇಷ್ಟು ಸ್ಪಷ್ಟವಾಗಿ ಬೇಕು" ಅಂತ ಕೇಳಿದಾಗ. ನಮ್ಮ ಕಸುಬಿನಲ್ಲಿ ಇದಕ್ಕೆ ಟಾಸ್ಕಿಂಗ್ ಅನ್ನುತ್ತೇವೆ.

ನಾನು ಒಂದು ಏಜೆನ್ಸಿಗೆ ಆರ್ಡರ್ ಕೊಟ್ಟೆ. ಹೆಸರು ಬೇಡ. ಬೇರೆಯವರ ಹತ್ತಿರ ವಿಚಾರಿಸಿದಾಗಲೂ ಕಥೆ ಹೆಚ್ಚುಕಮ್ಮಿ ಇದೇ ಇತ್ತು. ಮೊದಲು ಫೋನ್ ಮಾಡಬೇಕು. ಅವರು ಇಮೇಲ್ ಕಳಿಸಿ ಅನ್ನುತ್ತಾರೆ. ಇಮೇಲ್‌ಗೆ ಒಂದು ಪಿಡಿಎಫ್ ಫಾರಂ ಬರುತ್ತದೆ. ಪ್ರಿಂಟ್ ಹಾಕಿ, ಕೈಯಲ್ಲಿ ತುಂಬಿ, ಸಹಿ ಸೀಲು ಒತ್ತಿ, ಸ್ಕ್ಯಾನ್ ಮಾಡಿ ವಾಪಸ್ ಕಳಿಸಬೇಕು. ಚಿತ್ರ ಯಾಕೆ ಬೇಕು ಅಂತ ಬೇರೆ ಹಾಳೆಯಲ್ಲಿ ಬರೆದುಕೊಡಬೇಕು. ಆಮೇಲೆ ಕೋಟೇಶನ್ ಬರುತ್ತದೆ. ಅದಕ್ಕೆ ಒಪ್ಪಿಗೆ, ಆಮೇಲೆ ದುಡ್ಡು. ದುಡ್ಡು ಕಟ್ಟಿದ ಮೇಲಷ್ಟೇ ಉಪಗ್ರಹ ಯಾವತ್ತು ಆ ಕಡೆ ಬರುತ್ತದೆ ಅಂತ ಯಾರೋ ಒಬ್ಬರು ನೋಡಲು ಕೂರುತ್ತಾರೆ. ಇಷ್ಟರಲ್ಲಿ ನಾವು ಕೇಳಿದ್ದ ದಿನಾಂಕಗಳು ಮುಗಿದಿದ್ದವು. ಹೊಸ ದಿನಾಂಕಕ್ಕೆ ಹೊಸ ಫಾರಂ.

ಮಧ್ಯೆ ಒಂದು ತಮಾಷೆಯೂ ಆಯಿತು. ಗುಡ್ಡದ ಗಡಿಯನ್ನು ನಾನು ಕಂಪ್ಯೂಟರ್ ಫೈಲಾಗಿಯೇ ಕಳಿಸಿದ್ದೆ. ಅವರ ಫಾರಂನಲ್ಲಿ ಮಾತ್ರ ನಾಲ್ಕು ಮೂಲೆಗಳ ಅಕ್ಷಾಂಶ ರೇಖಾಂಶ ತುಂಬೋಕೆ ಜಾಗ ಇತ್ತು. ಅಲ್ಲಿ ಯಾರೋ ನನ್ನ ಫೈಲ್ ನೋಡಿಕೊಂಡು ಅಂಕಿಗಳನ್ನು ಮತ್ತೆ ಟೈಪ್ ಮಾಡಿದ್ದಾರೆ. 75 ಡಿಗ್ರಿ 42 ನಿಮಿಷ ಇರಬೇಕಾದ ಕಡೆ 24 ನಿಮಿಷ ಬಿದ್ದಿದೆ. ಕೋಟೇಶನ್ ಜೊತೆ ಬಂದ ನಕ್ಷೆ ತೆರೆದು ನೋಡಿದರೆ ನಮ್ಮ ಚೌಕ ಘಟ್ಟ ಇಳಿದು, ಸುಮಾರು 32 ಕಿಲೋಮೀಟರ್ ಪಶ್ಚಿಮಕ್ಕೆ, ಧರ್ಮಸ್ಥಳದ ಕಡೆ ಹೋಗಿ ಕೂತಿತ್ತು. ಕಣ್ಣಿಗೆ ಬಿತ್ತು, ತಿದ್ದಿಸಿದೆ. ಬೀಳದೇ ಹೋಗಿದ್ದರೆ ಮಂಜುನಾಥನ ಸನ್ನಿಧಿಯ ಚಂದದ ಚಿತ್ರ ಒಂದು ಬರುತ್ತಿತ್ತು. ಕೋಟಿಗಟ್ಟಲೆ ಖರ್ಚಿನ ಉಪಗ್ರಹ ಎತ್ತ ನೋಡಬೇಕು ಅನ್ನುವುದು ಯಾರದೋ ಕೈಬೆರಳಿನ ಮೇಲೆ ನಿಂತಿದೆ.

ಕೊನೆಗೂ ಚಿತ್ರ ಬಂತು. ನಮ್ಮ ಬೆನ್ನುಗುಡ್ಡದ ಮೇಲೆ ಸರಿಯಾಗಿ ಮೋಡ ಕೂತಿತ್ತು. ಕೇಳಿದರೆ, "ಮೋಡ ಶೇಕಡಾ 20ರ ಒಳಗಿದೆ, ಷರತ್ತಿನ ಪ್ರಕಾರ ಚಿತ್ರ ಪಾಸ್" ಅಂದರು. ಅವರ ಲೆಕ್ಕ ಸರಿಯೇ. ಆ ಶೇಕಡಾವಾರು ಇಡೀ ಚಿತ್ರಕ್ಕೆ ಹಾಕುವುದು. ನೂರು ಚದರ ಕಿಲೋಮೀಟರ್ ಚಿತ್ರದಲ್ಲಿ ಕೆಳಗಿನ ಬಯಲೆಲ್ಲ ತಿಳಿಯಾಗಿ ಕಂಡು, ನಮಗೆ ಬೇಕಾದ ಅರ್ಧ ಚದರ ಕಿಲೋಮೀಟರ್ ಪೂರ್ತಿ ಮುಚ್ಚಿದ್ದರೂ ಅದು "ಒಳ್ಳೆಯ ಚಿತ್ರ"ವೇ. ಮತ್ತೆ ತೆಗೆಸಬೇಕಾದರೆ ಮತ್ತೆ ದುಡ್ಡು. ಪಶ್ಚಿಮ ಘಟ್ಟದಲ್ಲಿ ಮೋಡ ಯಾವಾಗಲೂ ಬೆನ್ನುಗುಡ್ಡವನ್ನೇ ಹಿಡಿದುಕೊಂಡಿರುತ್ತದೆ. ಬಯಲುಸೀಮೆಯ ಹೊಲಕ್ಕೆ ಸರಿಹೋಗುವ ಷರತ್ತು ನಮಗೆ ಸರಿಹೋಗುವುದಿಲ್ಲ.

ಹಾಗಾದರೆ ರಾಡಾರ್ ಚಿತ್ರ ಕೇಳಬಹುದಿತ್ತಲ್ಲ ಅಂತ ತಿಳಿದವರು ಕೇಳಬಹುದು. ಹೌದು, ಮೋಡ ಅದಕ್ಕೆ ಅಡ್ಡಿಯಲ್ಲ. ನಮ್ಮದೇ ರಾಡಾರ್ ಉಪಗ್ರಹ ಇಒಎಸ್-04 2022ರಿಂದ ಮೇಲಿದೆ. ಆದರೆ ರಾಡಾರ್ ಪಕ್ಕದಿಂದ ಓರೆಯಾಗಿ ನೋಡುತ್ತದೆ. ಕಡಿದಾದ ಇಳಿಜಾರು ಅದಕ್ಕೆ ಎದುರಾಗಿದ್ದರೆ ಚಿತ್ರದಲ್ಲಿ ಗುಡ್ಡದ ತುದಿ ಬುಡದ ಮೇಲೆ ಮಗುಚಿಕೊಂಡು ಎಲ್ಲಾ ಕಲಸಿಹೋಗುತ್ತದೆ. ಘಟ್ಟದ ಪಡುವಣ ಮುಖ ನೋಡಬೇಕಾದರೆ ಉಪಗ್ರಹ ಉತ್ತರದಿಂದ ದಕ್ಷಿಣಕ್ಕೆ ಹೋಗುವಾಗ ತೆಗೆದರೆ ವಾಸಿಯೋ, ದಕ್ಷಿಣದಿಂದ ಉತ್ತರಕ್ಕೆ ಬರುವಾಗ ತೆಗೆದರೆ ವಾಸಿಯೋ ಅನ್ನುವುದು ಬಹಳ ಮುಖ್ಯ. ಅದನ್ನು ಬರೆಯಲು ನನಗೆ ಬಂದ ಫಾರಂನಲ್ಲಿ ಕಾಲಂ ಇರಲಿಲ್ಲ. "ಇತರೆ ವಿವರ" ಅನ್ನೋ ಕಡೆ ಬರೆದೆ. ಯಾರಾದರೂ ಓದಿದರೋ ಇಲ್ಲವೋ ದೇವರೇ ಬಲ್ಲ.

ಮಾನ್ಯರೇ, ಉಪಗ್ರಹದ ವೇಗ ನಿಮಗೆ ನಾನು ಹೇಳಬೇಕಾಗಿಲ್ಲ. ನೆಲದ ಮೇಲೆ ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 7 ಕಿಲೋಮೀಟರ್. ಹಾಸನದಿಂದ ಸಕಲೇಶಪುರದಷ್ಟು ದೂರಕ್ಕೆ ನಮ್ಮ ಬಸ್ಸಿಗೆ ಒಂದು ಗಂಟೆ, ಅದಕ್ಕೆ ಆರು ಸೆಕೆಂಡು. ಒಂದೂವರೆ ಗಂಟೆಗೊಮ್ಮೆ ಭೂಮಿ ಸುತ್ತುತ್ತದೆ. ಅದರ ದಾರಿ ದಿನಗಳ ಮೊದಲೇ ಗೊತ್ತಿರುತ್ತದೆ. ಯಾವ ದಿನ, ಎಷ್ಟು ಗಂಟೆಗೆ, ಎಷ್ಟು ವಾಲಿದರೆ ನಮ್ಮ ಗುಡ್ಡ ಕಾಣುತ್ತದೆ ಅಂತ ಒಂದು ಸಾಧಾರಣ ಕಂಪ್ಯೂಟರ್ ಕೂಡ ಕಣ್ಣು ಮಿಟುಕಿಸುವಷ್ಟರಲ್ಲಿ ಹೇಳುತ್ತದೆ. ಇಷ್ಟೆಲ್ಲ ಇದ್ದೂ ತಡ ಆಗುತ್ತಿರುವುದು ಮೇಜಿನಿಂದ ಮೇಜಿಗೆ ಹೋಗುವ ಕಾಗದದಲ್ಲಿ.

ಕಷ್ಟದ ಭಾಗ ಯಾವುದು ಅಂತಲೂ ಗೊತ್ತಿದೆ. ಒಂದೇ ಸುತ್ತಿನಲ್ಲಿ ಹತ್ತಾರು ಜನರ ಬೇಡಿಕೆ ಇರುತ್ತದೆ. ಕ್ಯಾಮೆರಾ ಒಂದು ಕಡೆಯಿಂದ ಇನ್ನೊಂದು ಕಡೆ ವಾಲಲು ಸಮಯ ಬೇಕು. ಮೆಮೊರಿ, ಬ್ಯಾಟರಿ ಎರಡಕ್ಕೂ ಮಿತಿ ಇದೆ. ತೆಗೆದ ಚಿತ್ರವನ್ನು ನೆಲದ ಕೇಂದ್ರಕ್ಕೆ ಇಳಿಸಲು ಸಿಗುವುದು ಕೆಲವೇ ನಿಮಿಷ. ಯಾವುದನ್ನು ಮೊದಲು, ಯಾವುದನ್ನು ಆಮೇಲೆ ಅನ್ನುವ ಜೋಡಣೆ ಸುಲಭದ್ದಲ್ಲ. ಸುಲಭದ್ದಲ್ಲ ಅನ್ನುವುದಕ್ಕೇ ಅದನ್ನು ಕಂಪ್ಯೂಟರ್‌ಗೆ ಬಿಡಬೇಕು ಅನ್ನುತ್ತಿದ್ದೇನೆ. ಬೆಳಗ್ಗೆ ಬಂದ ಮೋಡದ ಮುನ್ಸೂಚನೆ ನೋಡಿ, ಮುಚ್ಚಿರುವ ಜಾಗ ಬಿಟ್ಟು, ತೆರೆದಿರುವ ಜಾಗ ಹಿಡಿದು, ಪಟ್ಟಿಯನ್ನು ಪ್ರತಿ ಸುತ್ತಿಗೂ ಹೊಸದಾಗಿ ಬರೆಯುವುದು ಮನುಷ್ಯರಿಂದ ಆಗುವ ಕೆಲಸ ಅಲ್ಲ.

ಇದು ಕನಸಿನ ಮಾತೂ ಅಲ್ಲ. ಅಮೆರಿಕದ ನಾಸಾ 2000ರಲ್ಲಿ ಇಒ-1 ಅನ್ನುವ ಉಪಗ್ರಹ ಹಾರಿಸಿತು. ಜ್ವಾಲಾಮುಖಿಯ ಹತ್ತಿರದ ಉಪಕರಣಗಳೋ, ಇನ್ನೊಂದು ಉಪಗ್ರಹವೋ ಬಿಸಿ ಏರಿದ್ದನ್ನು ಕಂಡರೆ ಸಾಕು, ಮನುಷ್ಯರು ನಡುವೆ ಬಾರದೆ ಇಒ-1ಕ್ಕೆ ಚಿತ್ರದ ಬೇಡಿಕೆ ಹೋಗುತ್ತಿತ್ತು. ಇಪ್ಪತ್ತು ವರ್ಷದ ಹಿಂದಿನ ಮಾತು. ಈಗ ಪ್ಲಾನೆಟ್, ಕಪೆಲ್ಲಾದಂಥ ಕಂಪನಿಗಳಲ್ಲಿ ಗಿರಾಕಿಯೇ ನಕ್ಷೆಯ ಮೇಲೆ ಚೌಕ ಎಳೆದು ದಿನಾಂಕ ಆರಿಸುತ್ತಾನೆ. ಆರ್ಡರ್ ಸ್ವೀಕಾರ ಆಯಿತಾ, ಚಿತ್ರ ತೆಗೆದರಾ ಅನ್ನುವುದು ಪರದೆಯ ಮೇಲೇ ಗೊತ್ತಾಗುತ್ತದೆ. ಅವರ ಬೆಲೆ ನಮ್ಮ ಪಂಚಾಯ್ತಿಗೆ ಎಟುಕುವಂಥದ್ದಲ್ಲ, ಅದು ಬೇರೆ ಮಾತು. ನಮ್ಮಲ್ಲಿ ಗ್ಯಾಸ್ ಸಿಲಿಂಡರ್‌ಗೆ ಒಂದು ಮಿಸ್ಡ್ ಕಾಲ್ ಕೊಟ್ಟರೆ ಬುಕ್ ಆಯಿತು, ಹೊರಟಿತು, ತಲುಪಿತು ಅಂತ ಮೆಸೇಜ್ ಬರುತ್ತದೆ. ಅಷ್ಟು ಮರ್ಯಾದೆ ಉಪಗ್ರಹ ಚಿತ್ರ ಕೇಳಿದವರಿಗೂ ಸಿಗಲಿ.

ಹಾಗಾಗಿ ನನ್ನ ಕೋರಿಕೆ. ಗುಡ್ಡದ ಗಡಿಯನ್ನು ನಕ್ಷೆಯ ಮೇಲೆ ನಾವೇ ಎಳೆಯುವಂತೆ, ಇಲ್ಲವೇ ಫೈಲ್ ಆಗಿ ಹಾಕುವಂತೆ ಮಾಡಿ. ನಡುವೆ ಯಾರೂ ಮತ್ತೆ ಟೈಪ್ ಮಾಡುವುದು ಬೇಡ. ಗಡಿ ಹಾಕಿದ ಕ್ಷಣ ಮುಂದಿನ ಎರಡು ವಾರದಲ್ಲಿ ಯಾವ ಉಪಗ್ರಹಕ್ಕೆ ಯಾವತ್ತು ಅವಕಾಶ ಇದೆ, ಎಷ್ಟು ಓರೆಯಿಂದ, ಬೆಲೆ ಎಷ್ಟು ಅಂತ ತೋರಿಸಿ. ದುಡ್ಡು ಕಟ್ಟುವುದಕ್ಕೆ ಮೊದಲು ತೋರಿಸಿ, ಆಮೇಲೆ ಅಲ್ಲ. ಮೋಡದ ಲೆಕ್ಕವನ್ನು ನಾವು ಎಳೆದ ಗಡಿಯೊಳಗೆ ಮಾತ್ರ ಹಾಕಿ. ಗಡಿಯೊಳಗೆ ಮೋಡ ಬಂದಿದ್ದರೆ ಹೊಸ ಫಾರಂ ಕೇಳದೆ ಆ ಆರ್ಡರ್ ತಾನಾಗಿ ಮುಂದಿನ ಅವಕಾಶಕ್ಕೆ ಹೋಗಲಿ.

ಬೆಲೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಹೊಸ ಚಿತ್ರ ತೆಗೆಸಬೇಕಾದರೆ ಸಾಮಾನ್ಯವಾಗಿ ಕನಿಷ್ಠ ನೂರು ಚದರ ಕಿಲೋಮೀಟರ್‌ಗೆ ದುಡ್ಡು ಕಟ್ಟಿ ಅನ್ನುತ್ತಾರೆ. ನಮ್ಮ ಗುಡ್ಡ ಒಂದು ಚದರ ಕಿಲೋಮೀಟರ್ ಕೂಡ ಇಲ್ಲ. ಉಳಿದದ್ದೆಲ್ಲ ಬೇರೆಯವರ ತೋಟ, ಕಾಡು, ಹೊಳೆ. ಆದರೆ ಆ ಬೇರೆಯವರಿಗೂ ಚಿತ್ರ ಬೇಕಾಗಿರುತ್ತದೆ, ಅಲ್ವಾ? ಕಾರ್ಟೊಸ್ಯಾಟ್-3 ಒಂದು ಸಲಕ್ಕೆ ತೆಗೆಯುವ ನೆಲದ ಪಟ್ಟಿ ಸುಮಾರು 16 ಕಿಲೋಮೀಟರ್ ಅಗಲ. ಒಂದೇ ಪಟ್ಟಿಯೊಳಗೆ ಒಂದು ತೋಟದವರು, ಒಂದು ಪಂಚಾಯ್ತಿ, ರಸ್ತೆ ಮಾಡುವ ಗುತ್ತಿಗೆದಾರ, ಆನೆ ಹಾವಳಿಯ ಮೇಲೆ ಕೆಲಸ ಮಾಡುವ ಸಂಶೋಧಕ, ಎಲ್ಲರೂ ಇರಬಹುದು. ಇವತ್ತು ಒಬ್ಬರ ಆರ್ಡರ್ ಇನ್ನೊಬ್ಬರಿಗೆ ಗೊತ್ತಾಗುವುದಿಲ್ಲ. ಬೇಡಿಕೆಗಳೆಲ್ಲ ಒಂದೇ ಕಡೆ ಬಿದ್ದರೆ ಸಾಫ್ಟ್‌ವೇರ್ ಅವುಗಳನ್ನು ಸೇರಿಸಿ, ಒಂದೇ ಸಲ ತೆಗೆದು, ಬೆಲೆ ಹಂಚಬಹುದು. ಉಪಗ್ರಹದ ಸಮಯವೂ ಉಳಿಯುತ್ತದೆ. ಸಣ್ಣವರಿಗೆ ಈ ಸೌಕರ್ಯ ಕೊಡುವ ದಾರಿ ನನಗೆ ಕಾಣುವುದು ಇದೊಂದೇ.

ಭದ್ರತೆ ಬೇಡ ಅಂತ ನಾನು ಹೇಳುವುದಿಲ್ಲ. ಯಾರು ಕೇಳಿದರೂ ಯಾವ ಜಾಗದ್ದಾದರೂ ಕೊಡಿ ಅನ್ನುವುದು ತಪ್ಪಾಗುತ್ತದೆ. ಆದರೆ ತೋರಿಸಬಾರದ ಜಾಗಗಳ ಪಟ್ಟಿ ನಿಮ್ಮ ಹತ್ತಿರ ಇರುತ್ತದೆ. ನಾವು ಎಳೆದ ಗಡಿ ಅಂಥ ಜಾಗಕ್ಕೆ ತಾಗಿದರೆ ತಡೆದು ಅಧಿಕಾರಿಯ ಮುಂದೆ ಹೋಗಲಿ. ತಾಗದಿದ್ದರೆ ಸುಮ್ನೆ ಯಾಕೆ ಕಾಯಿಸಬೇಕು? ಕಾಫಿ ತೋಟಕ್ಕೂ ಕಂಟೋನ್ಮೆಂಟ್‌ಗೂ ಒಂದೇ ಸಾಲು ಮಾಡಿ ನಿಲ್ಲಿಸಿದ್ದೀರಿ.

ಒಂದು ಎಚ್ಚರಿಕೆಯೂ ಇದೆ. ಎಲ್ಲವನ್ನೂ ಯಂತ್ರಕ್ಕೆ ಬಿಟ್ಟ ದಿನ, ಜಾಸ್ತಿ ದುಡ್ಡು ಕೊಟ್ಟವರ ಚಿತ್ರವೇ ಮೊದಲು ಅನ್ನುವ ನಿಯಮ ಮೆಲ್ಲಗೆ ಒಳಗೆ ಬಂದುಬಿಡಬಹುದು. ಯಾವ ಬೇಡಿಕೆಗೆ ಯಾಕೆ ಆದ್ಯತೆ ಅನ್ನುವುದು ಎಲ್ಲರೂ ಓದುವಂತೆ ಬರೆದು ಹಾಕಿ. ಮಳೆಗಾಲದಲ್ಲಿ ಗುಡ್ಡಗಾಡಿನ ಬೇಡಿಕೆಗೆ ಒಂದಷ್ಟು ಪಾಲು ಮೀಸಲಿಡಿ. ಬೇಡಿಕೆ ತಿರಸ್ಕಾರ ಆದರೆ ಕಾರಣ ಬರೆಯಿರಿ. ಆ ಕಾರಣವನ್ನು ಪ್ರಶ್ನಿಸಬೇಕೆಂದರೆ ಫೋನ್ ಎತ್ತುವ ಒಬ್ಬ ಮನುಷ್ಯ ಇರಲಿ. ಹೌದು ಅನ್ನುವುದನ್ನು ಯಂತ್ರ ಹೇಳಲಿ, ಇಲ್ಲ ಅನ್ನುವುದನ್ನು ಒಬ್ಬ ಅಧಿಕಾರಿ ನೋಡಿ ಹೇಳಲಿ. ಸಾಧ್ಯವಾದರೆ ಇದೆಲ್ಲ ಕನ್ನಡದಲ್ಲೂ ಇರಲಿ. ಪಿಡಿಒ ಒಬ್ಬರು ತಾವೇ ಕೂತು ಚೌಕ ಎಳೆಯುವಂತಿರಬೇಕು.

ದೊಡ್ಡ ಅನಾಹುತ ಆದಮೇಲೆ ನಿಮ್ಮ ವ್ಯವಸ್ಥೆ ಎಷ್ಟು ಚುರುಕು ಅಂತ ನೋಡಿದ್ದೇವೆ. 2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಕುಸಿಯಿತು. ಮರುದಿನವೇ ಕಾರ್ಟೊಸ್ಯಾಟ್-3, ರಾಡಾರ್ ಇರುವ ರಿಸ್ಯಾಟ್ ಎರಡೂ ಅಲ್ಲಿನ ಚಿತ್ರ ತೆಗೆದವು. 86 ಸಾವಿರ ಚದರ ಮೀಟರ್ ಜಾರಿದೆ, ಮಣ್ಣು ಕಲ್ಲು ಸುಮಾರು 8 ಕಿಲೋಮೀಟರ್ ಹರಿದಿದೆ ಅಂತ ಹೈದರಾಬಾದಿನ ದೂರಸಂವೇದಿ ಕೇಂದ್ರ ಅಳೆದು ಹೇಳಿತು. ಅದೇ ಜಾಗದಲ್ಲಿ ಹಿಂದೆಯೂ ಜಾರಿದ ಗುರುತಿದೆ ಅಂತಲೂ ಹೇಳಿತು. ಅನಾಹುತದ ವೇಳೆ ದೇಶದೇಶಗಳು ಚಿತ್ರ ಹಂಚಿಕೊಳ್ಳುವ ಅಂತಾರಾಷ್ಟ್ರೀಯ ಒಪ್ಪಂದದಲ್ಲೂ ಇಸ್ರೋ 2001ರಿಂದ ಇದೆ. ಹೆಣ ಬಿದ್ದ ಮೇಲೆ ಒಂದೇ ದಿನದಲ್ಲಿ ಆಗುವ ಕೆಲಸ, ಬಿರುಕು ಕಂಡಾಗ ಯಾಕೆ ಆಗುವುದಿಲ್ಲ ಅಂತ ಆ ಊರಿನವರು ನನ್ನನ್ನು ಕೇಳಿದರು. ಪ್ರಶ್ನೆ ನಿಮಗೆ ಸೇರಬೇಕಾದ್ದು, ಅದಕ್ಕೇ ಇಲ್ಲಿ ಬರೆದಿದ್ದೇನೆ.

ಕರ್ನಾಟಕದಲ್ಲಿ ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ತಾನಾಗಿ ವರದಿ ಕಳಿಸುವ ಮಳೆ ಮಾಪಕಗಳಿವೆ. 15 ನಿಮಿಷಕ್ಕೊಮ್ಮೆ ಅಂಕಿ ಬೆಂಗಳೂರಿಗೆ ಹೋಗುತ್ತದೆ. ಒಂದು ಪಂಚಾಯ್ತಿಯಲ್ಲಿ ಮಳೆ ಇಂತಿಷ್ಟು ದಾಟಿದರೆ, ಮೊದಲೇ ಗುರುತಿಸಿಟ್ಟ ಅಲ್ಲಿನ ಇಳಿಜಾರುಗಳಿಗೆ ರಾಡಾರ್ ಚಿತ್ರದ ಬೇಡಿಕೆ ತಾನಾಗಿ ಹೋಗಲಿ. ಇಒ-1 ಜ್ವಾಲಾಮುಖಿಗೆ ಮಾಡಿದ್ದನ್ನು ನಾವು ಮಳೆಗೆ ಮಾಡೋಣ. ಮಾಪಕವೂ ಇದೆ, ಉಪಗ್ರಹವೂ ಇದೆ. ಎರಡಕ್ಕೂ ನಡುವೆ ಒಂದು ತಂತಿ ಎಳೆಯಬೇಕು, ಅಷ್ಟೇ.

ಇಡೀ ದೇಶಕ್ಕೆ ಒಂದೇ ಸಲ ಮಾಡಿ ಅಂತ ಕೇಳುತ್ತಿಲ್ಲ. ಸಕಲೇಶಪುರ, ಮೂಡಿಗೆರೆ, ಕಳಸ, ಈ ಮೂರು ತಾಲ್ಲೂಕಿನಲ್ಲಿ ಒಂದು ಮಳೆಗಾಲ ನಡೆಸಿ ನೋಡಿ. ಇಳಿಜಾರುಗಳನ್ನು ಗುರುತಿಸಲು ಊರಿನವರು ನಮ್ಮ ಜೊತೆ ನಡೆಯುತ್ತಾರೆ. ನಾವು ಅಳೆದಿರುವ ಗಡಿಗಳ ಫೈಲ್‌ಗಳನ್ನು ದುಡ್ಡಿಲ್ಲದೆ ಕೊಡುತ್ತೇನೆ. ಒಪ್ಪಿಗೆಯೋ ಇಲ್ಲವೋ, ಏಪ್ರಿಲ್ ಒಳಗೆ ಒಂದು ಲಿಖಿತ ಉತ್ತರ ಬಂದರೆ ಅನುಕೂಲ. ಜೂನ್ ಬಂದರೆ ಆ ಗುಡ್ಡ ಹತ್ತೋಕೆ ಆಗುವುದಿಲ್ಲ.

ತಮ್ಮ ವಿಶ್ವಾಸಿ,
ಹಾಸನದ ಒಬ್ಬ ನಕ್ಷೆ ಕೆಲಸಗಾರ